‘ರೈಸ್’ ಎಂದು ಹುಡುಕಿದರೆ ಸಿಗುವ ಪುಸ್ತಕಗಳೆಲ್ಲ ಒಬ್ಬರೇ ಬರೆದವೇ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಳೆಯ ಚರಿತ್ರೆಯನ್ನು ಓದಬೇಕೆಂದು ಗ್ರಂಥಾಲಯದ ಸೂಚಿಯಲ್ಲಿ ‘ರೈಸ್’ ಎಂಬ ಹೆಸರನ್ನು ಹುಡುಕಿದಿರಿ. ಶಾಸನ ಸಂಪುಟಗಳು, ಗೆಜೆಟಿಯರ್, ವ್ಯಾಕರಣ ಗ್ರಂಥ, ಕನ್ನಡ ಸಾಹಿತ್ಯ ಚರಿತ್ರೆ, ಪಾದ್ರಿಯೊಬ್ಬರ ಜೀವನಚರಿತ್ರೆ ಎಲ್ಲವೂ ಒಟ್ಟಿಗೆ ಬಂದವು. ಇವೆಲ್ಲ ಒಬ್ಬರವೇ, ಊರಿನ ಬಗ್ಗೆ ಬರೆಯುವಾಗ ಯಾವುದನ್ನು ಆಧಾರವಾಗಿ ಹಿಡಿಯಬೇಕು ಎಂದು ಕೇಳಿದ್ದೀರಿ. ನಾನು ಹಾಸನದಲ್ಲಿ ಕನ್ನಡ ಪಾಠ ಹೇಳುವವನು. ನಮ್ಮ ಭಾಗದ ಸ್ಥಳಪುರಾಣಗಳಲ್ಲಿ, ಜಾತ್ರೆಗೆ ಅಚ್ಚು ಹಾಕಿಸುವ ಕಿರುಹೊತ್ತಗೆಗಳಲ್ಲಿ ‘ರೈಸ್ ಹೇಳಿದ್ದಾರೆ’ ಎಂಬ ಒಂದೇ ಮಾತಿನ ಮೇಲೆ ದೊಡ್ಡ ದೊಡ್ಡ ತೀರ್ಮಾನಗಳು ನಿಂತಿರುವುದನ್ನು ನೋಡುತ್ತಲೇ ಇರುವುದರಿಂದ, ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಆ ಪುಸ್ತಕಗಳು ಒಬ್ಬರವಲ್ಲ. ಒಂದೇ ಮನೆತನದ ತಂದೆ ಮತ್ತು ಇಬ್ಬರು ಮಕ್ಕಳಿಗೆ ಸಂಬಂಧಿಸಿದವು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಬೆಂಗಳೂರಿನಲ್ಲಿ ಅರ್ಧ ಶತಮಾನ ಕೆಲಸ ಮಾಡಿದವರು. ಮಗ ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಕನ್ನಡದ ವಿದ್ವಾಂಸರು ‘ಶಾಸನ ಪಿತಾಮಹ’ ಎಂದು ಗೌರವಿಸುವುದು ಇವರನ್ನು. ಇನ್ನೊಬ್ಬ ಮಗ ಎಡ್ವರ್ಡ್ ಪಿ. ರೈಸ್, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರೂ, ತಂದೆಯ ಜೀವನಚರಿತ್ರೆಯನ್ನು ಬರೆದವರೂ ಇವರೇ. ತಂದೆಗೂ ಹಿರಿಯ ವಿದ್ವಾಂಸರಾದ ಮಗನಿಗೂ ಮೊದಲ ಹೆಸರು ಕೂಡ ಒಂದೇ ಆಗಿರುವುದರಿಂದ ಸೂಚಿಯಲ್ಲಿ ಬರಿಯ ‘ಬಿ. ರೈಸ್’ ಎಂದಿದ್ದರೆ ಗೊಂದಲವಾಗುವುದು ಸಹಜ. ಇಂಥಲ್ಲಿ ಶೀರ್ಷಿಕೆ ಪುಟವನ್ನು ತೆರೆದು ನೋಡದೆ ಬೇರೆ ದಾರಿಯಿಲ್ಲ.

ಆದರೆ ಯಾರು ಬರೆದರೆಂದು ತಿಳಿದ ಮಾತ್ರಕ್ಕೆ ತಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಸಿಗುವುದಿಲ್ಲ. ಲೂಯಿಸ್ ರೈಸ್ ಒಬ್ಬರದೇ ಬರಹಗಳನ್ನು ತೆಗೆದುಕೊಂಡರೂ ಅವು ಒಂದೇ ಜಾತಿಯವಲ್ಲ, ಒಂದೇ ಕಾಲದ ತಿಳಿವಳಿಕೆಯವೂ ಅಲ್ಲ. ಅವರು ಮೊದಲು ಬೆಂಗಳೂರಿನಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದು, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಹೊಣೆ ಹೊತ್ತವರು. ಶಾಲೆಗಳ ತನಿಖೆಗೆ ಹಳ್ಳಿಹಳ್ಳಿ ತಿರುಗುವಾಗ ಕಣ್ಣಿಗೆ ಬಿದ್ದ ಕಲ್ಲುಬರಹಗಳು ಅವರನ್ನು ಈ ಕೆಲಸಕ್ಕೆ ಎಳೆದವು. 1879ರಲ್ಲಿ ಪ್ರಕಟವಾದ ಅವರ ಮೊದಲ ಶಾಸನ ಗ್ರಂಥಕ್ಕೆ ಮುಖ್ಯ ಆಧಾರ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರ ಸುಮಾರಿಗೆ ತೆಗೆದಿದ್ದ ಛಾಯಾಚಿತ್ರಗಳು. 1880ರ ದಶಕದಲ್ಲಿ ಮೈಸೂರು ಪುರಾತತ್ತ್ವ ಇಲಾಖೆ ರೂಪುಗೊಂಡು ಅವರು ಅದರ ನಿರ್ದೇಶಕರಾದ ಮೇಲೆ, ಕಲ್ಲಿನ ಮುಂದೆ ನಿಂತು ಪ್ರತಿ ಮಾಡಿಕೊಳ್ಳುವ, ಅಕ್ಷರಗಳ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವ ಕ್ರಮ ವ್ಯವಸ್ಥಿತವಾಯಿತು. ಹಾಗೆ ಹುಟ್ಟಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರದಷ್ಟು ಶಾಸನಗಳಿವೆ. ಛಾಯಾಚಿತ್ರ ನೋಡಿ ಓದಿದ ಪಾಠವನ್ನೂ ಕಲ್ಲನ್ನು ನೋಡಿ ಓದಿದ ಪಾಠವನ್ನೂ ಒಂದೇ ತೂಕದಲ್ಲಿ ಇಡಲಾಗದು; ಬರೆದ ಕೈ ಒಂದೇ ಎಂಬುದು ಇಲ್ಲಿ ನೆರವಿಗೆ ಬರುವುದಿಲ್ಲ.

ಗೆಜೆಟಿಯರ್ ಇನ್ನೊಂದು ಬಗೆಯದು. ಮೊದಲ ಆವೃತ್ತಿ 1870ರ ದಶಕದ ಕೊನೆಯಲ್ಲಿ, ಪರಿಷ್ಕೃತ ಆವೃತ್ತಿ 1897ರಲ್ಲಿ ಎರಡು ಸಂಪುಟಗಳಾಗಿ ಬಂದಿತು. ಜಿಲ್ಲೆಗಳ ವಿವರ ಎರಡನೆಯದರಲ್ಲಿದೆ. ಮಳೆ, ಬೆಳೆ, ಕಂದಾಯ, ಜಾತಿಗಳು, ಹೊಳೆಗಳು, ಜಾತ್ರೆಗಳು, ಜನರ ಬಾಯಲ್ಲಿರುವ ಐತಿಹ್ಯಗಳು ಎಲ್ಲವನ್ನೂ ಆಡಳಿತದ ಅನುಕೂಲಕ್ಕಾಗಿ ಒಂದೆಡೆ ಕಲೆಹಾಕಿದ ಗ್ರಂಥವದು. ಬಾಬಾಬುಡನರು ಮೆಕ್ಕಾದಿಂದ ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬಂಥ ಮಾತಿಗೆ ಗೆಜೆಟಿಯರ್‌ನಲ್ಲಿ ಸಹಜವಾದ ಜಾಗವಿದೆ, ಏಕೆಂದರೆ ಜನ ಏನು ಹೇಳುತ್ತಿದ್ದರೆಂದು ದಾಖಲಿಸುವುದೂ ಅದರ ಕೆಲಸ. ಆದರೆ ಅದೇ ಮಾತನ್ನು ‘ಶಾಸನತಜ್ಞ ರೈಸ್ ಅವರ ಪ್ರಕಾರ’ ಎಂದು ಎತ್ತಿ ಬರೆದ ಕೂಡಲೇ ಐತಿಹ್ಯಕ್ಕೆ ಕಲ್ಲಿನ ಬಲ ಬಂದುಬಿಡುತ್ತದೆ. ನನ್ನನ್ನು ನಿಜವಾಗಿ ನೋಯಿಸುವುದು ಇದು. ಗೆಜೆಟಿಯರನ್ನು ಆಧಾರವಾಗಿ ಹಿಡಿಯುವುದರಲ್ಲಿ ತಪ್ಪೇನಿಲ್ಲ. ಗೆಜೆಟಿಯರ್ ಎಂದು ಹೇಳಿ ಹಿಡಿಯಬೇಕು, ಯಾವ ಆವೃತ್ತಿಯೆಂದೂ ಹೇಳಬೇಕು. ‘ಮೈಸೂರು ಗೆಜೆಟಿಯರ್’ ಎಂಬ ಹೆಸರಿನಲ್ಲಿಯೇ ಸಿ. ಹಯವದನ ರಾವ್ ಅವರು 1920ರ ದಶಕದ ಕೊನೆಯಲ್ಲಿ ಹೊರತಂದ ಸಂಪುಟಗಳೂ ಇವೆ, ಅವು ಬೇರೆ.

ಶಾಸನದಲ್ಲಿ ಇದ್ದದ್ದೆಲ್ಲ ನಡೆದದ್ದೇ ಎಂದೂ ತಿಳಿಯಬಾರದು. ಸೊಸೆವೂರಿನಲ್ಲಿ, ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಕಥೆ ಹನ್ನೆರಡನೆಯ ಶತಮಾನದ ಹೊಯ್ಸಳ ಶಾಸನಗಳಲ್ಲಿಯೇ ಬರುತ್ತದೆ. ಆ ಕಾಲದ ಹೊಯ್ಸಳರು ತಮ್ಮ ವಂಶದ ಮೂಲವನ್ನು ಹೀಗೆ ಹೇಳಿಕೊಳ್ಳುತ್ತಿದ್ದರು ಎಂಬುದಕ್ಕೆ ಶಾಸನ ಗಟ್ಟಿಯಾದ ಸಾಕ್ಷಿ. ಹುಲಿಯ ಪ್ರಸಂಗ ನಡೆಯಿತು ಎಂಬುದಕ್ಕೆ ಅಲ್ಲ.

ತಾವು ಕೇಳಿದ ಎರಡು ಜಿಲ್ಲೆಗಳಿಗೆ ಬೇಕಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹುಡುಕುವಾಗ ಹಳೆಯ ಹೆಸರುಗಳನ್ನು ನೆನಪಿನಲ್ಲಿಡಬೇಕಾಗುತ್ತದೆ. 5ನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂದದ್ದು. ಅದರಲ್ಲಿ ಸಕಲೇಶಪುರ ಎಂದು ಹುಡುಕಿದರೆ ಸಿಗುವುದಿಲ್ಲ, ಆಗ ಆ ತಾಲ್ಲೂಕಿನ ಹೆಸರು ಮಂಜರಾಬಾದ್. ಚಿಕ್ಕಮಗಳೂರು ಎಂಬ ಹೆಸರಿನ ಸಂಪುಟವೇ ಇಲ್ಲ, ಜಿಲ್ಲೆಯನ್ನು ಆಗ ಕಡೂರು ಜಿಲ್ಲೆ ಎನ್ನುತ್ತಿದ್ದುದರಿಂದ 6ನೆಯ ಸಂಪುಟವಾದ ‘ಕಡೂರು ಜಿಲ್ಲೆ’ಯನ್ನು ತೆರೆಯಬೇಕು, ಮೂಡಿಗೆರೆ, ಕೊಪ್ಪ, ತರೀಕೆರೆ, ಶೃಂಗೇರಿ ಎಲ್ಲ ಅದರಲ್ಲಿಯೇ ಇವೆ. ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲಿದ್ದರೂ 5ನೆಯ ಸಂಪುಟದಲ್ಲಿಲ್ಲ. 1889ರಲ್ಲಿಯೇ 2ನೆಯ ಸಂಪುಟವನ್ನು ಆ ಒಂದು ಕ್ಷೇತ್ರಕ್ಕೆಂದೇ ಮೀಸಲಿಡಲಾಗಿತ್ತು.

ಈ 2ನೆಯ ಸಂಪುಟದ ಕಥೆ ತಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದವು. ಅವರ ಸಹಾಯಕರಾಗಿದ್ದು, 1906ರಲ್ಲಿ ಅವರು ನಿವೃತ್ತರಾದ ಮೇಲೆ ಇಲಾಖೆಯ ಹೊಣೆ ವಹಿಸಿಕೊಂಡ ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿದ ಹೊಸ ಮಾಲೆಯಲ್ಲಿ ಸಂಖ್ಯೆ 573 ಆಯಿತು. ಪ್ರತಿ ಬಾರಿಯೂ ಶಾಸನಗಳ ಕ್ರಮಸಂಖ್ಯೆ ಬದಲಾಗಿದೆ, ಹಲವೆಡೆ ಪಾಠವೂ ತಿದ್ದಿಕೊಂಡಿದೆ. ಆದ್ದರಿಂದ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಚಿಕ್ಕದಾಗಿಸಿ ‘ಎ.ಕ. 2’ ಎಂದಷ್ಟೇ ಬರೆದರೆ ಓದುಗರು ಮೂರು ಪುಸ್ತಕಗಳಲ್ಲಿ ಯಾವುದನ್ನು ತೆರೆಯಬೇಕು? ಈ ಹೊಸ, ಪರಿಷ್ಕೃತ ಮಾಲೆಯಾದರೆ ‘ಎ.ಕ. (ಪ)’ ಎಂದು ಗುರುತಿಸುವ ಪದ್ಧತಿ ನಮ್ಮ ಸಂಶೋಧಕರಲ್ಲಿದೆ. ತಾವೂ ಅದನ್ನೇ ಅನುಸರಿಸಿ. ಹೊಸ ಮಾಲೆಯಲ್ಲಿ ಸಂಪುಟಗಳ ಹಂಚಿಕೆಯೂ ಬೇರೆ, ಬೇಲೂರಿಗೆ ಪ್ರತ್ಯೇಕ ಸಂಪುಟವೇ ಇದೆ. ಹಳೆಯ 5ನೆಯ ಸಂಪುಟವೂ ಹೊಸ 5ನೆಯದೂ ಒಂದೇ ಜಿಲ್ಲೆಯವೆಂದು ಭಾವಿಸಬೇಡಿ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಹೊರಪುಟದಲ್ಲಿ ರೈಸ್ ಅವರ ಹೆಸರಿದ್ದರೂ ಕಾಡುಮೇಡು ಅಲೆದು ಪಡಿಯಚ್ಚು ತೆಗೆದವರು, ಹಳಗನ್ನಡವನ್ನೂ ಸಂಸ್ಕೃತವನ್ನೂ ಬಿಡಿಸಿ ಓದಿಕೊಟ್ಟವರು ಇಲಾಖೆಯ ಪಂಡಿತರು. ಒಂದು ಮನೆತನದ ಹೆಸರಿನಡಿ ಮೂವರ ಕೃತಿಗಳು ಬೆರೆತುಹೋಗುವಂತೆಯೇ ಒಬ್ಬರ ಹೆಸರಿನಡಿ ಹಲವರ ದುಡಿಮೆ ಮರೆಯಾಗುತ್ತದೆ. ಇದರಿಂದ ರೈಸ್ ಅವರ ಹಿರಿಮೆಗೆ ಕುಂದೇನೂ ಇಲ್ಲ. ಇಷ್ಟು ದೊಡ್ಡ ಕೆಲಸವನ್ನು ಯೋಜಿಸಿ, ಮೂಲ ಪಾಠ, ಲಿಪ್ಯಂತರ, ಅನುವಾದ ಮೂರನ್ನೂ ಕೊಟ್ಟು ಮುಗಿಸಿದ ಇನ್ನೊಬ್ಬರನ್ನು ನಮ್ಮ ನಾಡು ಕಂಡಿಲ್ಲವೆಂದೇ ನನ್ನ ಅಭಿಪ್ರಾಯ. ಹಾಗೆಂದು ಅವರ ತೀರ್ಮಾನಗಳು ಪ್ರಶ್ನಾತೀತವಾಗಿರಲಿಲ್ಲ. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳು, ಎಂದರೆ ಆಮೇಲೆ ಸೃಷ್ಟಿಸಿದ ಖೋಟಾ ಶಾಸನಗಳು, ಎಂದು ಇನ್ನೊಬ್ಬ ಶಾಸನತಜ್ಞ ಫ್ಲೀಟ್ ವಾದಿಸಿದರು, ರೈಸ್ ಅವುಗಳ ಪರವಾಗಿ ನಿಂತರು. 1909ರಲ್ಲಿ ಶಾಸನಗಳ ಆಧಾರದಿಂದ ಅವರು ಬರೆದ ಮೈಸೂರು–ಕೊಡಗುಗಳ ಚರಿತ್ರೆಯನ್ನು ಓದುವಾಗ ಈ ವಾಗ್ವಾದದ ಹಿನ್ನೆಲೆ ತಿಳಿದಿರುವುದು ಒಳ್ಳೆಯದು.

ವ್ಯಾಕರಣ ಗ್ರಂಥವೆಂದು ತಮಗೆ ಸಿಕ್ಕಿರುವುದು ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಇಲ್ಲವೇ ಭಟ್ಟಾಕಳಂಕನ ‘ಶಬ್ದಾನುಶಾಸನ’ ಇರಬೇಕು. ಇವೆರಡನ್ನೂ ಲೂಯಿಸ್ ರೈಸ್ ಸಂಪಾದಿಸಿದ್ದಾರೆ. ಕರ್ತೃ ಅವರಲ್ಲ, ಸೂಚಿಯಲ್ಲಿ ಸಂಪಾದಕರ ಹೆಸರು ಕರ್ತೃವಿನ ಜಾಗದಲ್ಲಿ ಕುಳಿತಿರುತ್ತದೆ, ಅಷ್ಟೆ.

ಎಡ್ವರ್ಡ್ ರೈಸ್ ಅವರ ಸಾಹಿತ್ಯ ಚರಿತ್ರೆ 1915ರಲ್ಲಿ ಮೊದಲು ಬಂದು, 1921ರಲ್ಲಿ ಮತ್ತೆ ಅಚ್ಚಾಯಿತು. ಚಿಕ್ಕ ಪುಸ್ತಕ, ಓದಲು ಸುಲಭ; ಕನ್ನಡ ಬಾರದವರಿಗೆ ನಮ್ಮ ಕವಿಗಳನ್ನು ಪರಿಚಯಿಸಿದ ಉಪಕಾರ ಅದರದು. ಆದರೆ ತಮ್ಮ ಕೆಲಸಕ್ಕೆ, ಎಂದರೆ ಊರಿನ ಚರಿತ್ರೆಗೆ, ಅದು ಮೂಲ ಆಧಾರವಾಗಲಾರದು. ಕವಿಗಳ ಕಾಲ, ಸ್ಥಳ, ಆಶ್ರಯದಾತರ ವಿಷಯಕ್ಕೆ ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ನೋಡಿ. ಪಾದ್ರಿಯ ಜೀವನಚರಿತ್ರೆ ಮಗ ಭಕ್ತಿಯಿಂದ ಬರೆದದ್ದು. ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ಮಿಷನ್ ಕೆಲಸದ ಬಗ್ಗೆ ಆಸಕ್ತಿಯಿದ್ದರೆ ಓದಬಹುದು, ಹಾಸನಕ್ಕಾಗಿ ಅದನ್ನು ತಿರುವಬೇಕಾದ್ದಿಲ್ಲ.

ನರಸಿಂಹಾಚಾರ್ಯ ಎಂದು ಹುಡುಕಿದಾಗಲೂ ಇದೇ ಎಚ್ಚರ ಬೇಕು. ಕವಿಚರಿತೆಯ ಆರ್. ನರಸಿಂಹಾಚಾರ್ಯರು, ಗ್ರಂಥಸಂಪಾದನೆಯ ಡಿ.ಎಲ್. ನರಸಿಂಹಾಚಾರ್, ಕವಿ ಪು.ತಿ.ನ. ಮೂವರೂ ಒಂದೇ ಹೆಸರಿನಡಿ ಬರುತ್ತಾರೆ, ಇವರು ಒಂದು ಮನೆತನದವರೂ ಅಲ್ಲ. ಬೇಲೂರಿನ ಕೇಶವ ದೇವಾಲಯದ ಮೇಲೂ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಮೇಲೂ 1919ರಲ್ಲಿ ಬಂದ ಇಂಗ್ಲಿಷ್ ಪುಸ್ತಿಕೆಗಳು ಮೊದಲನೆಯವರವು. ಅವನ್ನು ತಪ್ಪದೆ ಓದಿ.

ಕೊನೆಯದಾಗಿ, ತಮ್ಮ ಊರಿನ ಕಲ್ಲು ರೈಸ್ ಅವರ ಸಂಪುಟದಲ್ಲಿ ಇಲ್ಲವೆಂದರೆ ಅಲ್ಲಿ ಶಾಸನವೇ ಇಲ್ಲವೆಂದು ಬರೆದುಬಿಡಬೇಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವೇ 5ನೆಯ ಸಂಪುಟದಲ್ಲಿಲ್ಲ, ಅದನ್ನು ಮುಂದೆ ಅದೇ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1936ರಲ್ಲಿ. ಹಳೆಯ ಸಂಪುಟ ನೋಡಿದ ಮೇಲೆ ಪರಿಷ್ಕೃತ ಸಂಪುಟವನ್ನೂ, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಿ. ಊರಿನ ಹೆಸರು ತಿಳಿಸಿದರೆ ಯಾವ ಸಂಪುಟದಿಂದ ಆರಂಭಿಸಬೇಕೆಂದು ಹೇಳುತ್ತೇನೆ.