ಎಚ್.ಐ.ವಿ. ಜೊತೆಗೆ ಹೆಪಟೈಟಿಸ್ ಸಿ ಕೂಡ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ಅಡಿಕೆ ತೋಟ ಇದೆ. ಒಂಬತ್ತು ವರ್ಷದಿಂದ ಶಿವಮೊಗ್ಗಕ್ಕೆ ಹೋಗಿ ಎಚ್.ಐ.ವಿ.ಗೆ ಕೊಡುವ ಎ.ಆರ್.ಟಿ. ಮಾತ್ರೆ ತರುತ್ತಿದ್ದೇನೆ, ಆರೋಗ್ಯ ಚೆನ್ನಾಗಿದೆ. ಹರ್ನಿಯಾ ಆಪರೇಷನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. ಅಣ್ಣ ಕಾಮಾಲೆಗೆ ಕೊಡುವ ನಾಟಿ ಔಷಧಿ ಕುಡಿ, ಅಲ್ಲಿಯವರೆಗೆ ಬೇರೆ ಮಾತ್ರೆ ನಿಲ್ಲಿಸು ಅಂತಾನೆ. ಹೆಂಡತಿ ತಟ್ಟೆ, ಲೋಟ ಬೇರೆ ಇಡಬೇಕಾ ಅಂತ ಕೇಳುತ್ತಾಳೆ.
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಒಂದು ಮಾತು. ಎ.ಆರ್.ಟಿ. ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ.

ಇನ್ನು ಆ ಪಾಸಿಟಿವ್ ವಿಷಯ. ಹೆಪಟೈಟಿಸ್ ಸಿ ಅಂದರೆ ಲಿವರ್‌ಗೆ ತಗಲುವ ವೈರಸ್. ಬೆಳಿಗ್ಗೆ ತೋಟದಲ್ಲಿ ಕಾಟಿ (ಕಾಡುಕೋಣ) ಹೆಜ್ಜೆ ಕಂಡರೆ ರಾತ್ರಿ ಕಾಟಿ ಬಂದಿತ್ತು ಅಂತ ಗೊತ್ತಾಗುತ್ತದೆ. ಇನ್ನೂ ತೋಟದೊಳಗೇ ಇದೆಯಾ, ಕಾಡಿಗೆ ಹೋಯಿತಾ ಅಂತ ಹೆಜ್ಜೆ ಹೇಳುವುದಿಲ್ಲ, ಅಲ್ವಾ? ನಿಮಗೆ ಆಗಿರುವುದು ಬಹುಶಃ ಆಂಟಿಬಾಡಿ ಪರೀಕ್ಷೆ. ಆಂಟಿಬಾಡಿ ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ, ಅದು ಬರೀ ಹೆಜ್ಜೆ ಗುರುತು. ಕೆಲವರ ದೇಹ ಈ ವೈರಸ್ಸನ್ನು ತಾನೇ ಓಡಿಸಿರುತ್ತದೆ. ಎಚ್.ಐ.ವಿ. ಇದ್ದವರಲ್ಲಿ ಹಾಗಾಗುವುದು ಕಡಿಮೆ. ಆದ್ದರಿಂದ ಎಚ್.ಸಿ.ವಿ. ಆರ್.ಎನ್.ಎ. ಅನ್ನುವ ವೈರಲ್ ಲೋಡ್ ಪರೀಕ್ಷೆ ಆಗಲೇಬೇಕು. ಅದರಲ್ಲಿ ವೈರಸ್ ಕಂಡರೆ ಮಾತ್ರ ಚಿಕಿತ್ಸೆ.

ಕಂಡರೂ ಎದೆಗುಂದಬೇಡಿ. ಎಚ್.ಐ.ವಿ.ಯನ್ನು ನಾವು ಮಾತ್ರೆ ಕೊಟ್ಟು ಅದುಮಿ ಇಡುತ್ತೇವೆ ಅಷ್ಟೆ. ಹೆಪಟೈಟಿಸ್ ಸಿ ಪೂರ್ತಿ ಹೋಗುತ್ತದೆ. 1989ರಲ್ಲಿ ಪತ್ತೆಯಾದ ವೈರಸ್ ಇದು. ಮೊದಲು ತಿಂಗಳುಗಟ್ಟಲೆ ಇಂಜೆಕ್ಷನ್, ಜ್ವರ, ಸುಸ್ತು, ಕೊನೆಗೂ ಗುಣ ಆಗುವ ಖಾತ್ರಿ ಇರಲಿಲ್ಲ. ಈಗ ಸಾಮಾನ್ಯವಾಗಿ 12 ವಾರ, ದಿನಕ್ಕೆ ಒಂದೋ ಎರಡೋ ಮಾತ್ರೆ. ನೂರಕ್ಕೆ 95ರಷ್ಟು ಜನರಿಗೆ ಗುಣವಾಗುತ್ತದೆ, ಎಚ್.ಐ.ವಿ. ಇದ್ದವರಿಗೂ ಹಾಗೇ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಎಲ್ಲಿ ಸಿಗುತ್ತದೆ ಅಂತ ನಿಮ್ಮ ಎ.ಆರ್.ಟಿ. ಕೇಂದ್ರದಲ್ಲೇ ಕೇಳಿ.

ಹಾಗಂತ ಮುಂದೂಡಬೇಡಿ. ಎರಡೂ ವೈರಸ್ ಸೇರಿದರೆ ಲಿವರ್ ಬೇಗ ಗಟ್ಟಿಯಾಗುತ್ತದೆ. ನೋವೂ ಇರುವುದಿಲ್ಲ, ಹೆಚ್ಚಿನವರಿಗೆ ಕಣ್ಣು ಹಳದಿಯೂ ಆಗುವುದಿಲ್ಲ.

ಮುಂದಿನ ಸಲ ಹೋಗುವಾಗ ಮನೆಯಲ್ಲಿ ನುಂಗುವ ಎಲ್ಲಾ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಸೇರಿಸಿ. ಅದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ! ಆದರೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ಜೊತೆ ಹೆಪಟೈಟಿಸ್ ಸಿಗೆ ಕೊಡುವ ವೆಲ್ಪಟಾಸ್ವಿರ್ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ನಿಮ್ಮ ಎ.ಆರ್.ಟಿ.ಯಲ್ಲಿ ಡೊಲುಟೆಗ್ರಾವಿರ್ ಇದ್ದರೆ ಈ ಚಿಕಿತ್ಸೆಗೆ ಅಡ್ಡಿಯಿಲ್ಲ. ಹಳೆಯ ಎಫಾವಿರೆಂಜ್ ಇದ್ದರೆ ಡಾಕ್ಟರು ಮಾತ್ರೆಯನ್ನೋ ಡೋಸನ್ನೋ ಬದಲಿಸಬೇಕಾಗುತ್ತದೆ. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. ಅದು ಒಳಗೆ ಅಡಗಿದ್ದರೆ ಸಿ ಹೋಗುವಾಗ ಕೆರಳಬಹುದು. ಎ.ಆರ್.ಟಿ.ಯಲ್ಲಿ ಸಾಮಾನ್ಯವಾಗಿ ಇರುವ ಟೆನೊಫೊವಿರ್ ಅದನ್ನೂ ತಡೆದಿಟ್ಟಿರುತ್ತದೆ. ನಿಲ್ಲಿಸಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಅಣ್ಣನಿಗೆ ಹೀಗೆ ಹೇಳಿ. ಊರಲ್ಲಿ ಸಾಮಾನ್ಯವಾಗಿ ನೋಡುವ ಕಾಮಾಲೆ ಹೆಪಟೈಟಿಸ್ ಎ ಅಥವಾ ಇ, ಕೊಳಕು ನೀರಿನಿಂದ ಬರುವುದು. ಹೆಚ್ಚಿನವರಿಗೆ ಅದು ತಾನಾಗೇ ವಾಸಿಯಾಗುತ್ತದೆ, ಹೆಸರು ಮಾತ್ರ ಔಷಧಿಗೆ. ಸಿ ರಕ್ತದಿಂದ ಬರುವಂಥದ್ದು. ಕಷಾಯದಲ್ಲಿ ಏನು ಬಿದ್ದಿದೆಯೋ ಗೊತ್ತಿಲ್ಲದೆ, ಏಟು ತಿಂದ ಲಿವರ್‌ಗೆ ಅದನ್ನು ಸುರಿಯುವುದು ಬೇಡ. ಸಾರಾಯಿಯೂ ಬೇಡ, ಮದುವೆ ಮನೆಯಲ್ಲೂ ಬೇಡ.

ತಟ್ಟೆ, ಲೋಟ ಬೇರೆ ಇಡಬೇಕಿಲ್ಲ, ಸುಮ್ನೆ ಮನಸ್ಸಿಗೆ ನೋವು. ರೇಜರ್, ಬ್ರಷ್, ನೇಲ್ ಕಟರ್ ಮಾತ್ರ ನಿಮ್ಮದೇ ಇರಲಿ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಬೆರಳು ಕೊಯ್ದರೆ ಮೊದಲು ಗಾಯಕ್ಕೆ ಬಟ್ಟೆ ಕಟ್ಟಿ. ಕತ್ತಿಯನ್ನು ಬ್ಲೀಚಿಂಗ್ ಪುಡಿ ನೀರಿನಿಂದ ತೊಳೆದ ಮೇಲೆ ಇನ್ನೊಬ್ಬರು ಕೂರಲಿ. ಒಣಗಿದ ರಕ್ತದಲ್ಲೂ ಈ ವೈರಸ್ ದಿನಗಟ್ಟಲೆ ಇರಬಲ್ಲದು. ಗಂಡ ಹೆಂಡತಿ ಸಂಬಂಧದಲ್ಲಿ ಹರಡುವುದು ಅಪರೂಪ, ಆದರೆ ಎಚ್.ಐ.ವಿ. ಇದ್ದಾಗ ಸಾಧ್ಯತೆ ಸ್ವಲ್ಪ ಜಾಸ್ತಿ. ಕಾಂಡೋಮ್ ಬಿಡಬೇಡಿ, ಹೆಂಡತಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಕೊನೆಯ ಮಾತ್ರೆ ನುಂಗಿ 12 ವಾರ ಆದಮೇಲೆ ಮತ್ತೆ ಆರ್.ಎನ್.ಎ. ಪರೀಕ್ಷೆ ಇರುತ್ತದೆ. ಅದರಲ್ಲಿ ವೈರಸ್ ಇಲ್ಲದಿದ್ದರೆ ಗುಣವಾಯಿತು ಅಂತ ಅರ್ಥ. ಆ ಕಾಗದ ಜೋಪಾನವಾಗಿಡಿ. ಆಂಟಿಬಾಡಿ ಪರೀಕ್ಷೆ ಆಮೇಲೂ ಪಾಸಿಟಿವ್ ಅಂತಲೇ ತೋರಿಸುತ್ತಿರುತ್ತದೆ. ಇನ್ನೊಂದು ಆಪರೇಷನ್ ಬಂದಾಗ ಅಲ್ಲಿಯ ನರ್ಸ್ ಗಾಬರಿಯಾದರೆ ತೋರಿಸಲು ಬೇಕು.