ಟೀಟೋಟಲರ್ ಅಂದ್ರೆ ಟೀ ಮಾತ್ರ ಕುಡಿಯೋರಾ?

ಪ್ರಶ್ನೆ: ಮಗಳಿಗೆ ಗಂಡು ನೋಡುತ್ತಿದ್ದೇವೆ. ಬರುವ ಬಯೋಡೇಟಾಗಳಲ್ಲಿ ಅರ್ಧಕ್ಕರ್ಧ ‘ಹುಡುಗ ಟೀಟೋಟಲರ್’ ಅಂತ ಇರುತ್ತೆ. ಮೊನ್ನೆ ಒಂದನ್ನು ಓದಿ ಹೇಳಿದಾಗ ನಮ್ಮತ್ತೆ, ‘ಹಾಗಾದ್ರೆ ಹುಡುಗ ಕಾಫಿ ಕುಡಿಯಲ್ವಾ? ನಮ್ಮನೇಲಿ ಟೀ ಪುಡಿನೇ ಇಲ್ವಲ್ಲೇ’ ಅಂದ್ರು. ಎಲ್ಲರೂ ನಕ್ಕೆವು. ಆಮೇಲೆ ನೋಡಿದರೆ ಆ ಪದದಲ್ಲಿ ಟೀ ಯಾಕಿದೆ ಅಂತ ನನಗೂ ಗೊತ್ತಿಲ್ಲ!
– ಓದುಗರು, ಬಸವನಗುಡಿ

ಉತ್ತರ: ನಿಮ್ಮತ್ತೆಯವರನ್ನು ನೋಡಿ ನಗಬೇಡಿ. ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ಈ ಪದಕ್ಕೆ ಚಹಾದ ಸ್ಪೆಲಿಂಗ್ ಹಾಕಿ ತಪ್ಪು ಬರೆಯುತ್ತಾರೆ. ಟೀಟೋಟಲರ್ ಅಂದರೆ ಮದ್ಯವನ್ನು ಪೂರ್ತಿ ಬಿಟ್ಟವನು. ಇಲ್ಲಿರುವುದು ಕುಡಿಯುವ ಟೀ ಅಲ್ಲ. ‘ಟೋಟಲ್’ ಅನ್ನುವ ಪದದ ಮೊದಲ ಅಕ್ಷರ, ಅಷ್ಟೇ.

ಅದನ್ನು ಯಾಕೆ ಎರಡು ಸಲ ಹೇಳಬೇಕು ಅಂತೀರಾ? ನಾವೂ ಇದನ್ನೇ ಮಾಡ್ತೀವಲ್ಲ. ಮೊದಲು ಅಂದರೆ ಸಾಲದು ಅನಿಸಿದಾಗ ಮೊಟ್ಟಮೊದಲು ಅಂತೀವಿ, ಕಡೆಗೆ ಕಟ್ಟಕಡೆ, ನಡುವಿಗೆ ನಟ್ಟನಡು, ಬಯಲಿಗೆ ಬಟ್ಟಬಯಲು. ಪದದ ತಲೆಯನ್ನೇ ಇನ್ನೊಂದು ಸಲ ತಂದು ಮುಂದೆ ಅಂಟಿಸಿ ಒತ್ತು ಕೊಡುವುದು. ‘ಟೀ-ಟೋಟಲ್’ ಕೂಡ ಹಾಗೇ, ಪೂರ್ತಿಗಿಂತ ಪೂರ್ತಿ.

ಇಷ್ಟು ಒತ್ತಿ ಹೇಳುವ ಗರಜು ಏನಿತ್ತು ಅನ್ನುವುದರಲ್ಲಿ ಮಜಾ ಇದೆ. ಇಂಗ್ಲೆಂಡಿನಲ್ಲಿ ಮೊದಮೊದಲು ಕುಡಿತದ ವಿರುದ್ಧ ಸಂಘ ಕಟ್ಟಿದವರು ಬಿಡಿಸುತ್ತಿದ್ದದ್ದು ಜಿನ್, ಬ್ರಾಂಡಿಯಂಥವನ್ನು ಮಾತ್ರ. ಬಿಯರ್‌ಗೆ ಅಡ್ಡಿ ಇರಲಿಲ್ಲ. ನಮ್ಮ ಹುಡುಗರು ‘ಹಾಟ್ ಮುಟ್ಟಲ್ಲ, ಬರೀ ಬಿಯರ್’ ಅಂತಾರಲ್ವಾ, ಥೇಟ್ ಅದೇ. ಇದರ ಜೊತೆಗೆ 1830ರಲ್ಲಿ ಅಲ್ಲಿನ ಸರ್ಕಾರ ಒಂದು ಕಾಯ್ದೆ ತಂದಿತು. ತೆರಿಗೆ ಕಟ್ಟುವ ಯಾರೇ ಆಗಲಿ, ಎರಡು ಗಿನಿ (ಆಗಿನ ಇಂಗ್ಲೆಂಡಿನ ಹಣದ ಲೆಕ್ಕ) ಶುಲ್ಕ ಕೊಟ್ಟರೆ ತನ್ನ ಮನೆಯಲ್ಲೇ ಬಿಯರ್ ಮಾರಬಹುದು. ಬೀದಿ ಬೀದಿಯಲ್ಲಿ ಬಿಯರ್ ಅಂಗಡಿ ಎದ್ದವು. ಬ್ರಾಂಡಿ ಬಿಟ್ಟವನು ಬಿಯರ್ ಕುಡಿದೇ ತೂರಾಡುತ್ತಿದ್ದ!

ಆಗ ಪ್ರೆಸ್ಟನ್ ಎಂಬ ಊರಿನಲ್ಲಿ ಜೋಸೆಫ್ ಲೈವ್ಸಿ ಮತ್ತು ಗೆಳೆಯರು, ಒಟ್ಟು ಏಳು ಜನ, 1832ರಲ್ಲಿ ಬಿಯರೂ ಬೇಡ ಅಂತ ಆಣೆ ಮಾಡಿ ಸಹಿ ಹಾಕಿದರು. ಮರುವರ್ಷ ಅದೇ ಊರಿನ ಸಭೆಯಲ್ಲಿ ರಿಚರ್ಡ್ ಟರ್ನರ್ ಅನ್ನುವ ಕೂಲಿಯಾಳು ಎದ್ದು ನಿಂತು, ಅರೆಬರೆ ಬಿಡೋದು ನನಗಾಗಲ್ಲ, ಟೀ-ಟೋಟಲ್ಲೇ ಆಗಬೇಕು ಅನ್ನುವ ಅರ್ಥದಲ್ಲಿ ಮಾತಾಡಿದ. ಪದ ಜನಕ್ಕೆ ಹಿಡಿಸಿತು. ಅವನಿಗೆ ಉಗ್ಗು ಇತ್ತು, ‘ಟೋಟಲ್’ ಅನ್ನಲು ಹೋಗಿ ಟಿ-ಟಿ ಅಂತ ತೊದಲಿದ ಅಂತಲೂ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ಆದರೆ ನಾನು ನಂಬಲ್ಲ. ಯಾಕೆಂದರೆ ‘ಟೀಟೋಟಲಿ’ ಅನ್ನುವುದು, ಕುಡಿತಕ್ಕೆ ಸಂಬಂಧವೇ ಇಲ್ಲದೆ, 1832ರಲ್ಲೇ ಅಮೆರಿಕದಲ್ಲಿ ಅಚ್ಚಾಗಿದೆ. ಅಂದರೆ ಆಡುಮಾತಿನಲ್ಲಿ ಓಡಾಡುತ್ತಿದ್ದ ಪದವನ್ನೇ ಟರ್ನರ್ ಕುಡಿತಕ್ಕೆ ತಂದು ಜೋಡಿಸಿದ. ಪೂರ್ತಿ ಬಿಡುತ್ತೇನೆ ಅಂದವರ ಹೆಸರಿನ ಮುಂದೆ ‘ಟಿ’ ಅಂತ ಗುರುತು ಹಾಕುತ್ತಿದ್ದರು ಅಂತ ಅಮೆರಿಕದವರು ಬೇರೆ ಕಥೆ ಹೇಳುತ್ತಾರೆ. ಟರ್ನರ್ 1846ರಲ್ಲಿ ತೀರಿಕೊಂಡ. ಈ ಪದ ಹುಟ್ಟಿಸಿದವನು ಇವನೇ ಅಂತ ಪ್ರೆಸ್ಟನ್‌ನಲ್ಲಿರುವ ಅವನ ಗೋರಿಕಲ್ಲಿನ ಮೇಲೇ ಕೆತ್ತಿದ್ದಾರೆ.

ಹಾಗಾಗಿ ಬಯೋಡೇಟಾ ಕಳಿಸಿದವರನ್ನು ಟೀ ಬಗ್ಗೆ ಕೇಳಬೇಡಿ, ಬಿಯರ್ ಬಗ್ಗೆ ಕೇಳಿ.

ಪ್ರಶ್ನೆ: ಕುಡಿಯದವನಿಗೂ ‘ಸೋಬರ್’, ಚಿಕ್ಕಪೇಟೆ ಸೀರೆ ಅಂಗಡಿಯಲ್ಲಿ ‘ಸೋಬರ್ ಕಲರ್ ತೋರಿಸಿ’ ಅಂದಾಗಲೂ ಅದೇ ಸೋಬರ್. ಎರಡೂ ಒಂದೇನಾ?
– ಓದುಗರು, ರಾಜಾಜಿನಗರ

ಉತ್ತರ: ಒಂದೇ. ಲ್ಯಾಟಿನ್‌ನಲ್ಲಿ ‘ಎಬ್ರಿಯಸ್’ ಅಂದರೆ ಅಮಲೇರಿದವನು. ಅದರ ಮೊದಲಿಗೆ ‘ಇಲ್ಲದ’ ಅನ್ನುವ ಅರ್ಥದ ತುಣುಕು ಸೇರಿ ‘ಸೋಬ್ರಿಯಸ್’ ಆಯಿತು, ಅಂದರೆ ಅಮಲಿಲ್ಲದವನು. ಅಮಲಿಲ್ಲದವನು ಕೂಗಾಡಲ್ಲ, ಗಂಭೀರವಾಗಿರುತ್ತಾನೆ. ಅಲ್ಲಿಂದ ಕೂಗಾಡದ ಬಣ್ಣಕ್ಕೂ ಅದೇ ಹೆಸರು. ಕಣ್ಣಿಗೆ ಹೊಡೆಯುವ ಗುಲಾಬಿ ಸೀರೆಯನ್ನು ಪಕ್ಕಕ್ಕಿಟ್ಟು ಅಂಗಡಿಯವರು ಬೂದಿ ಬಣ್ಣದ್ದು ಬಿಡಿಸುತ್ತಾರಲ್ಲ, ಅದು ಕುಡಿಯದೇ ಇರೋ ಸೀರೆ ಅನ್ನಿ! ಉಂಗುರದಲ್ಲಿ ಹಾಕಿಸುವ ನೇರಳೆ ಕಲ್ಲು ಅಮೆಥಿಸ್ಟ್ ಕೂಡ ಇದೇ ಸಾಲಿನದು. ಗ್ರೀಕ್‌ನಲ್ಲಿ ಆ ಹೆಸರಿನ ಅರ್ಥ ‘ಅಮಲಾಗದ್ದು’. ಆ ಕಲ್ಲು ಹತ್ತಿರ ಇದ್ದರೆ ಎಷ್ಟು ಕುಡಿದರೂ ಏರಲ್ಲ ಅಂತ ಗ್ರೀಕರು ನಂಬಿದ್ದರು. ಪರೀಕ್ಷೆ ಮಾಡಲು ಹೋಗಬೇಡಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಕುಡಿತ ಬಿಟ್ಟವರೊಬ್ಬರು ‘ಐ ಆಮ್ ಆನ್ ದಿ ವ್ಯಾಗನ್’ ಅಂತಾರೆ. ಯಾವ ವ್ಯಾಗನ್?
– ಓದುಗರು, ವೈಟ್‌ಫೀಲ್ಡ್

ಉತ್ತರ: ನಿಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ವ್ಯಾಗನ್ನೇ, ನೀರಿನದು. ಹಿಂದೆ ಅಮೆರಿಕದಲ್ಲಿ ಧೂಳು ಏಳದಂತೆ ರಸ್ತೆಗೆ ನೀರು ಚಿಮುಕಿಸಲು ಕುದುರೆ ಗಾಡಿಗಳಿದ್ದವು. ನಾನು ನೀರಿನ ಗಾಡಿ ಹತ್ತಿದ್ದೇನೆ ಅಂದರೆ, ಇನ್ನು ನೀರು ಬಿಟ್ಟು ಬೇರೇನೂ ಕುಡಿಯಲ್ಲ ಅಂತ. ಮತ್ತೆ ಶುರು ಮಾಡಿದವನನ್ನು ಗಾಡಿಯಿಂದ ಬಿದ್ದ ಅಂತಾರೆ.