ಏಳು ದಿನದ ಹತ್ತಿ ದರಕ್ಕೆ ಎಂಟನೇ ಖಾನೆ ಎಲ್ಲಿಂದ ಬಂತು?

ಪ್ರಶ್ನೆ: ರಾಯಚೂರಿನಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದೇನೆ. ಎಪಿಎಂಸಿಯ ಏಳು ದಿನದ ಹತ್ತಿ ದರವನ್ನು ಅರೇಯಲ್ಲಿಟ್ಟು (ಸಾಲಾಗಿ ಜೋಡಿಸಿದ ಖಾನೆಗಳು) ಸರಾಸರಿ ಮತ್ತು ಕನಿಷ್ಠ ದರ ತೆಗೆಯಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ) ಐ = 0 ಯಿಂದ ಐ <= 7 ರವರೆಗೆ ಓಡುತ್ತದೆ. ಎರರ್ ಒಂದೂ ಇಲ್ಲ. ಲ್ಯಾಬ್‌ನಲ್ಲಿ ಸರಾಸರಿ ಸರಿಯಾಗಿಯೇ ಬಂತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆ. ಕನಿಷ್ಠ ದರ ಎರಡೂ ಕಡೆ ಸೊನ್ನೆ. ತಪ್ಪೆಲ್ಲಿದೆ ಸರ್?

ಉತ್ತರ: ಸರಾಸರಿ ಕೆಟ್ಟಿರುವುದು <= ಗುರುತಿನಿಂದ. ಅಲ್ಲಿ ಬರೀ < ಇರಬೇಕು.

ಇಂಟ್ (ಪೂರ್ಣಾಂಕ) ದರ[7] ಎಂದು ಬರೆದರೆ ಏಳು ಖಾನೆ ಸಿಗುತ್ತವೆ, ಕೊನೆಯದು ದರ[6]. ಇಂಡೆಕ್ಸ್ ಎಂದರೆ ಅರೇಯ ಆರಂಭದಿಂದ ಎಷ್ಟು ಖಾನೆ ದಾಟಬೇಕು ಎಂಬ ಲೆಕ್ಕ. ಮೊದಲ ಖಾನೆಗೆ ಏನೂ ದಾಟಬೇಕಿಲ್ಲ, ಅದಕ್ಕೇ ಸೊನ್ನೆ. ಇಂದಿನ ಬಹುತೇಕ ಕಂಪ್ಯೂಟರುಗಳಲ್ಲಿ ಒಂದು ಇಂಟ್‌ಗೆ 4 ಬೈಟ್ ಬೇಕು. ನಿಮ್ಮ ಅರೇ 1000ನೇ ವಿಳಾಸದಿಂದ ಶುರುವಾಗಿದೆ ಎಂದುಕೊಳ್ಳಿ: ದರ[3] ಇರುವುದು 1012ರಲ್ಲಿ, ದರ[6] ಇರುವುದು 1024ರಲ್ಲಿ. 1027ಕ್ಕೆ ಅರೇ ಮುಗಿಯಿತು. ದರ[7] ಕೇಳಿದಾಗ ಪ್ರೋಗ್ರಾಂ ಸಾಮಾನ್ಯವಾಗಿ 1028ಕ್ಕೆ ಹೋಗಿ ಅಲ್ಲಿ ಬಿದ್ದಿದ್ದನ್ನು ಎತ್ತಿಕೊಂಡು ಮೊತ್ತಕ್ಕೆ ಕೂಡಿಸುತ್ತದೆ. ಲ್ಯಾಬ್‌ನಲ್ಲಿ ಆ ಜಾಗದಲ್ಲಿ ಸೊನ್ನೆ ಇದ್ದಿರಬೇಕು. ಜಾವಾ, ಪೈಥಾನ್ ಆಗಿದ್ದರೆ ಅಲ್ಲೇ ನಿಲ್ಲಿಸಿ ಎರರ್ ತೋರಿಸುತ್ತಿದ್ದವು. ಸಿ ಗಡಿ ಕಾಯುವುದಿಲ್ಲ. ಒಮ್ಮೆ ಸರಿ ಉತ್ತರ ಬಂದಿತೆಂದು ಪ್ರೋಗ್ರಾಂ ಸರಿ ಇದೆ ಅಂತ ದಯವಿಟ್ಟು ನಂಬಬೇಡಿ.

ದರ ಓದುವ ಸ್ಕ್ಯಾನ್‌ಎಫ್ ಲೂಪನ್ನೂ ನೋಡಿಕೊಳ್ಳಿ. ಅಲ್ಲಿ <= ಇದ್ದರೆ ಅಪಾಯ ಹೆಚ್ಚು, ಯಾಕೆಂದರೆ ಎಂಟನೇ ದರ ಪಕ್ಕದ ವೇರಿಯಬಲ್ ಮೇಲೆ ಹೋಗಿ ಕೂರಬಹುದು. ಆ ವೇರಿಯಬಲ್ ಐ ಆಗಿದ್ದರಂತೂ ಲೂಪಿನ ಎಣಿಕೆಯೇ ತಪ್ಪುತ್ತದೆ.

ಕನಿಷ್ಠ ದರದ್ದು ಬೇರೆ ಕಥೆ. ನೀವು ಕನಿಷ್ಠ = 0 ಎಂದು ಶುರು ಮಾಡಿದ್ದೀರಿ ಅನ್ನಿಸುತ್ತದೆ. ಕ್ವಿಂಟಲ್‌ಗೆ 7000ದ ಆಸುಪಾಸಿನ ದರ ಸೊನ್ನೆಗಿಂತ ಕಡಿಮೆ ಆಗುವುದುಂಟೇ? ಕನಿಷ್ಠ = ದರ[0] ಎಂದಿಟ್ಟು, ಹೋಲಿಕೆಯನ್ನು ದರ[1]ರಿಂದ ಆರಂಭಿಸಿ. ಮಾರುಕಟ್ಟೆಗೆ ರಜೆ ಇದ್ದ ದಿನಕ್ಕೆ 0 ತುಂಬಿದ್ದರೂ ಕನಿಷ್ಠ ಸೊನ್ನೆಯೇ ಬರುತ್ತದೆ, ಸರಾಸರಿಯೂ ಕುಸಿಯುತ್ತದೆ. ವಹಿವಾಟು ನಡೆದ ದಿನಗಳನ್ನಷ್ಟೇ ಸಾಲಾಗಿ ತುಂಬಿ, ಎಷ್ಟು ತುಂಬಿದಿರಿ ಎಂಬುದನ್ನು ಎನ್ ಎಂಬ ವೇರಿಯಬಲ್‌ನಲ್ಲಿಡಿ. ಲೂಪ್ ಐ < ಎನ್ ಇರುವವರೆಗೆ ಓಡಲಿ, ಭಾಗಿಸುವುದೂ ಎನ್‌ನಿಂದಲೇ. ಮೊತ್ತ, ಎನ್ ಎರಡೂ ಇಂಟ್ ಆದರೆ ದಶಮಾಂಶ ಬಿದ್ದುಹೋಗುತ್ತದೆ: 36003ನ್ನು 5ರಿಂದ ಭಾಗಿಸಿದರೆ 7200.6 ಬರಬೇಕಾದಲ್ಲಿ 7200 ಬರುತ್ತದೆ. ಮೊತ್ತವನ್ನು ಡಬಲ್ (ದಶಮಾಂಶ ಸಂಖ್ಯೆ) ಆಗಿ ಘೋಷಿಸಿ, 0 ಕೊಟ್ಟು ಶುರು ಮಾಡಿ.

ಲಿನಕ್ಸ್ ಇದ್ದರೆ ಜಿಸಿಸಿ ಕಂಪೈಲರ್‌ನಲ್ಲಿ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿಯ ಗಡಿ ದಾಟಿದರೆ ಹಿಡಿಯುವ ಸಾಧನ) ಆನ್ ಮಾಡಿ, ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿ, ಹಳೆಯ <= ಹಾಗೇ ಇಟ್ಟು ಒಮ್ಮೆ ಓಡಿಸಿ ನೋಡಿ. ದರ[7] ಮುಟ್ಟಿದ ಕ್ಷಣವೇ ಪ್ರೋಗ್ರಾಂ ನಿಂತು, ಯಾವ ಸಾಲಿನಲ್ಲಿ ಗಡಿ ದಾಟಿದಿರಿ ಎಂದು ತೋರಿಸುತ್ತದೆ.